ದೊಡ್ಡಮನೆ ಸಾಕಮ್ಮನವರು

ಕಾಫಿ ನಾಡಿನ ಹಿರಿಯರೆಂದರೆ ನಮಗೆ ಮೊದಲು ನೆನಪಾಗುವವರು ಕಾಡು ಸವರಿ ಗಿಡ ನೆಟ್ಟ ಗಂಡಸರು. ಬಾಬಾಬುಡನ್ ಸಾಹೇಬರು ತಂದರೆಂಬ ಏಳು ಬೀಜಗಳ ಐತಿಹ್ಯದಿಂದ ಹಿಡಿದು ಪರಂಗಿ ದೊರೆಗಳ ಎಸ್ಟೇಟುಗಳವರೆಗೆ ಆ ಕಥೆಗಳನ್ನು ಕೇಳುತ್ತಲೇ ಬೆಳೆದಿದ್ದೇವೆ. ನೆಟ್ಟವರು ಹೋದ ಮೇಲೆ ತೋಟವನ್ನು ಉಳಿಸಿಕೊಂಡವರ ಕಥೆ ಮಾತ್ರ ಅಷ್ಟಾಗಿ ಯಾರೂ ಹೇಳಿಲ್ಲ. ಈ ಸಂಚಿಕೆಯಲ್ಲಿ ಅಂಥ ಒಬ್ಬ ಹಿರಿಯ ಬೆಳೆಗಾರ್ತಿಯನ್ನು ಸದಸ್ಯ ಬಾಂಧವರಿಗೆ ಪರಿಚಯಿಸುತ್ತಿದ್ದೇವೆ.

ಸಾಕಮ್ಮನವರು ಹುಟ್ಟಿದ್ದು 1880ರಲ್ಲಿ, ತುಮಕೂರು ಸೀಮೆಯ ಬಿದರೆ ಎಂಬ ಹಳ್ಳಿಯಲ್ಲಿ. ಸಂಸಾರ ಬೆಂಗಳೂರಿಗೆ ಬಂದದ್ದರಿಂದ ಅವರಿಗೆ ಶಾಲೆಯ ಬಾಗಿಲು ತೆರೆಯಿತು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಮೆಟ್ರಿಕ್‌ವರೆಗೆ ಓದಿದರು. ಹದಿನಾರರ ಹರೆಯದಲ್ಲಿ ಕೊಡಗಿನ ಸೋಮವಾರಪೇಟೆಯ ದೊಡ್ಡ ಕಾಫಿ ಬೆಳೆಗಾರರಾದ ದೊಡ್ಡಮನೆ ಚಿಕ್ಕಬಸಪ್ಪ ಶೆಟ್ಟರೊಡನೆ ಮದುವೆಯಾಯಿತು. ಶೆಟ್ಟರಿಗೆ ಅದಾಗಲೇ ಇಬ್ಬರು ಹೆಂಡಿರಿದ್ದರು. ಸಾಕಮ್ಮನವರು ಆ ಮನೆಗೆ ಮೂರನೆಯವರಾಗಿ ಕಾಲಿಟ್ಟರು.

ಮದುವೆಯಾಗಿ ಹೆಚ್ಚು ಕಾಲ ಕಳೆಯಲಿಲ್ಲ, ಶೆಟ್ಟರು ತೀರಿಕೊಂಡರು. ಮುಂದೆ ಹಿರಿಯ ಸವತಿಯರಿಬ್ಬರೂ ಕಾಲವಾದರು. ತೋಟದ ಪೂರ್ಣ ಭಾರ ಈ ಎಳೆ ಪ್ರಾಯದ ವಿಧವೆಯ ಹೆಗಲಿಗೆ ಬಿತ್ತು.

ಇದರ ಅರ್ಥವೇನೆಂದು ಕಾಫಿ ಬೆಳೆಯುವ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಹೂಮಳೆ ಯಜಮಾನನಿಗಾಗಿ ಕಾಯುವುದಿಲ್ಲ. ಮರಗಸಿ ತಪ್ಪಿದರೆ ಆ ವರ್ಷದ ಫಸಲು ತಪ್ಪಿತು. ಹಣ್ಣು ಕೊಯ್ಲಿಗೆ ಬಂದಾಗ ಆಳು ಸಿಗಬೇಕು, ಆಳಿಗೆ ವಾರದ ಬಟವಾಡೆ ಆಗಬೇಕು, ಕಣದಲ್ಲಿ ಹರಡಿದ್ದನ್ನು ಮಳೆಗೆ ಸಿಗದಂತೆ ಒಳಗೆ ಸೇರಿಸಬೇಕು. ಆ ದಿನಗಳಲ್ಲಿ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರು, ತಲಚೇರಿಗಳ ಕ್ಯೂರಿಂಗ್ ಕಾರ್ಖಾನೆಗಳನ್ನು ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ತೂಕ, ಔಟ್‌ಟರ್ನ್, ಮುಂಗಡ, ಬಡ್ಡಿ ಎಲ್ಲವೂ ಕಾಗದದ ಮೇಲಿನ ವ್ಯವಹಾರ. ಓದಲು ಬಾರದ ವಾರಸುದಾರನ ತೋಟ ಸಾಹುಕಾರನ ಪಾಲಾಗಲು ಎರಡು ಕೆಟ್ಟ ಫಸಲು ಸಾಕಾಗಿತ್ತು. ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಎಷ್ಟು ದೊಡ್ಡ ಬಂಡವಾಳವೆಂಬುದು ಇಂಥ ಕಡೆ ತಿಳಿಯುತ್ತದೆ. ಸಾಕಮ್ಮನವರು ತೋಟ ಮಾರಿ ತವರಿಗೆ ಹೋಗಲಿಲ್ಲ, ನಿಂತು ನಡೆಸಿದರು.

ಅವರ ಎರಡನೆಯ ಹೆಜ್ಜೆ ಇನ್ನೂ ದೊಡ್ಡದು. 1920ರ ದಶಕದಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಅವರು ಬಸವನಗುಡಿಯಲ್ಲಿ ಕಾಫಿಪುಡಿಯ ಕಾರ್ಖಾನೆ ತೆರೆದರು. ಬೆಳೆದವರೇ ಹುರಿದು, ಬೀಸಿ, ಬಳಸುವವರ ಕೈಗೆ ಕೊಡುವ ಏರ್ಪಾಡು ಅದು. ಹುರಿಯುವಾಗ ಬೀಜದ ತೂಕ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಇಳಿಯುತ್ತದೆ. ಆದರೂ ಲಾಭ ಉಳಿಯುವುದು ಬೀಜ ಮಾರುವವನಿಗಿಂತ ಪುಡಿ ಮಾರುವವನಿಗೇ ಎಂಬ ಲೆಕ್ಕ ಅಂದಿಗೂ ಇಂದಿಗೂ ಒಂದೇ. ಬೆಲೆ ಕುಸಿದ 1930ರ ದಶಕದಲ್ಲಿ ನಮ್ಮ ಉದ್ಯಮವೂ ಸ್ವದೇಶದ ಗ್ರಾಹಕನತ್ತ ತಿರುಗಿತು: 1935ರಲ್ಲಿ ಕಾಫಿ ಸೆಸ್ ಕಾಯಿದೆ, 1936ರಲ್ಲಿ ಬೊಂಬಾಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್. ಊರಿನ ಜನರಿಗೇ ಕಾಫಿ ಮಾರಬಹುದೆಂಬುದನ್ನು ಈ ಬೆಳೆಗಾರ್ತಿ ತಾವಾಗಿಯೇ ಕಂಡುಕೊಂಡಿದ್ದರು. ಜನರ ಬಾಯಲ್ಲಿ ಅವರು ‘ಕಾಫಿಪುಡಿ ಸಾಕಮ್ಮ’ ಎಂದೇ ಆದರು.

ದುಡಿದದ್ದನ್ನು ಅವರು ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ. ತಮ್ಮ ಕುರುಹಿನಶೆಟ್ಟಿ ಸಮಾಜದ ವಿದ್ಯಾರ್ಥಿಗಳಿಗಾಗಿ ಬೆಂಗಳೂರಿನಲ್ಲಿ ವಸತಿನಿಲಯಕ್ಕೆ ಆಧಾರವಾದರು. ವಿದ್ಯೆಯಿಂದ ಬದುಕು ಕಟ್ಟಿಕೊಂಡವರು ವಿದ್ಯೆಗೇ ಅದನ್ನು ಹಿಂದಿರುಗಿಸಿದರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾದರು. ಆ ಸಭೆಯಲ್ಲಿ ಕುಳಿತ ಮೊದಲ ಕೆಲವೇ ಮಹಿಳೆಯರಲ್ಲಿ ಅವರೂ ಒಬ್ಬರು. ನಾಲ್ವಡಿ ಕೃಷ್ಣರಾಜ ಒಡೆಯರು ‘ಲೋಕಸೇವಾ ಪಾರಾಯಣಿ’ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರಕಾರ ‘ಕೈಸರ್-ಇ-ಹಿಂದ್’ ಪದಕ ನೀಡಿತು. 1950ರಲ್ಲಿ ಅವರು ತೀರಿಕೊಂಡರು. ಬಸವನಗುಡಿಯ ‘ಸಾಕಮ್ಮ ಗಾರ್ಡನ್’ ಎಂಬ ಹೆಸರಿನಲ್ಲಿ ಅವರ ನೆನಪು ಉಳಿದಿದೆ.

ಪುಡಿಯ ಪಾಠವನ್ನು ನಾವು ಸಹಕಾರದ ಮೂಲಕ ಸ್ವಲ್ಪಮಟ್ಟಿಗೆ ಕಲಿತಿದ್ದೇವೆ. ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿಕೊಂಡ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಿಲ್ಲಿಸಿ ಕೋಕೋ ಬೆಳೆದವರ ಕೈ ಹಿಡಿಯಿತು. ಕಾಫಿಯಲ್ಲಿಯೂ ಪೂಲ್ ಪದ್ಧತಿ 1990ರ ದಶಕದಲ್ಲಿ ಕೊನೆಗೊಂಡ ಮೇಲೆ ಬೆಳೆ ನಮ್ಮ ಕೈಯಲ್ಲೇ ಇದೆ. ಹುರಿಯುವುದೂ ಬಿಡುವುದೂ ನಮಗೇ ಸೇರಿದ್ದು.

ಮೊದಲ ಪಾಠ ಮಾತ್ರ ನಮ್ಮಲ್ಲಿ ಇನ್ನೂ ಹಿಂದುಳಿದಿದೆ. ಪಹಣಿ ಯಜಮಾನರ ಹೆಸರಿನಲ್ಲಿ, ಪಾಸ್ ಪುಸ್ತಕ ಅವರ ಬೀರುವಿನಲ್ಲಿ, ಸಾಲದ ಲೆಕ್ಕ ಅವರ ತಲೆಯಲ್ಲಿ. ನಾಳೆ ಏನಾದರೂ ಆದರೆ, ಇಷ್ಟು ವರ್ಷ ಕಣದಲ್ಲಿ ಬೆನ್ನು ಬಗ್ಗಿಸಿ ದುಡಿದ ಮನೆಯಾಕೆಗೆ ಎಷ್ಟು ಚೀಲ ಯಾರ ಗೋದಾಮಿನಲ್ಲಿದೆ ಎಂಬುದೂ ತಿಳಿದಿರುವುದಿಲ್ಲ. ಸಾವಿನ ಮನೆಯ ಸೂತಕ ಕಳೆಯುವ ಮೊದಲೇ ಸಾಲಗಾರರು ಬಾಗಿಲಿಗೆ ಬಂದು ಹೇಳಿದ್ದೇ ಲೆಕ್ಕವಾದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ.

ಆದ್ದರಿಂದ ನಮ್ಮದೊಂದು ವಿನಂತಿ. ಈ ವಾರ ಬಿಡುವಾದ ಒಂದು ಸಂಜೆ ತೋಟದ ಲೆಕ್ಕಪುಸ್ತಕವನ್ನು ಮನೆಯ ಜಗಲಿಗೆ ತನ್ನಿ. ಹೆಂಡತಿ, ಮಗಳು, ಸೊಸೆ ಎಲ್ಲರನ್ನೂ ಕೂರಿಸಿಕೊಂಡು ಮೊದಲ ಪುಟದಿಂದ ಓದಿ ಹೇಳಿ. ಸಂಘದ ಷೇರಿಗೆ ನಾಮನಿರ್ದೇಶನ ಮಾಡಿರದಿದ್ದರೆ ಬಂದು ಮಾಡಿಸಿ. ಸಾಕಮ್ಮನವರ ನೆನಪಿಗೆ ಇದಕ್ಕಿಂತ ದೊಡ್ಡ ಕಾಣಿಕೆ ನಮಗೆ ತೋರುತ್ತಿಲ್ಲ.