ಪದಬಂಧದಿಂದ ಪದ್ಯಬಂಧಕ್ಕೆ

ಬೆಳಗಿನ ಕಾಫಿಯೊಡನೆ ದಿನಪತ್ರಿಕೆಯ ಪದಬಂಧ ಬಿಡಿಸುವುದು ಅನೇಕ ಮನೆಗಳಲ್ಲಿ ನಿತ್ಯದ ಪಾಠ. ಕೊನೆಯ ಚೌಕ ತುಂಬಿದೊಡನೆ ಆಟ ಮುಗಿಯಿತು. ಮರುದಿನ ಆ ಪದಗಳೆಲ್ಲ ರದ್ದಿ ಕಾಗದದೊಡನೆ ಮೂಲೆ ಸೇರುತ್ತವೆ. ಆಟ ಅಲ್ಲಿಗೇ ಮುಗಿಯಬೇಕಾಗಿಲ್ಲ. ಬಿಡಿಸಿದ ಉತ್ತರಗಳಲ್ಲಿ ನಾಲ್ಕೈದನ್ನು ಆರಿಸಿಕೊಂಡು ನಾಲ್ಕು ಸಾಲಿನ ತಮಾಷೆಯ ಪದ್ಯವೊಂದನ್ನು ಕಟ್ಟಬಹುದು. ಇದಕ್ಕೆ ಕವಿಯೆಂಬ ಬಿರುದು ಬೇಡ, ಛಂದಸ್ಸಿನ ಪಾಂಡಿತ್ಯವೂ ಬೇಡ. ತೆರೆಯ ಮೇಲಿನ ಮಾತುಕತೆಯಲ್ಲಿ ಬೆರಳು ಮಡಚಿ ಮಾತ್ರೆ ಎಣಿಸಲು ಪುರುಸೊತ್ತಿರುವುದಿಲ್ಲ. ಆದ್ದರಿಂದ ಅದನ್ನು ಈ ಪುಟದಲ್ಲಿ ನಿಧಾನವಾಗಿ ನೋಡೋಣ.

ಚೌಕದೊಳಗಿನ ಅಕ್ಷರ

1913ರ ಡಿಸೆಂಬರ್ 21ರಂದು ಅಮೆರಿಕದ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ರಚಿಸಿದ, ವಜ್ರಾಕೃತಿಯ ಒಂದು ಪದದ ಆಟ ಪ್ರಕಟವಾಯಿತು. ಇಂದಿನ ಪದಬಂಧಗಳ ವಂಶ ಅಲ್ಲಿಂದ ಬೆಳೆದು ಬಂದದ್ದು. 2021ರಲ್ಲಿ ಜನರ ಕೈಗೆ ಬಂದ, ಐದು ಅಕ್ಷರದ ಪದವನ್ನು ಆರು ಯತ್ನಗಳಲ್ಲಿ ಊಹಿಸುವ 'ವರ್ಡಲ್' ಕೂಡ ಇದೇ ದಿನನಿತ್ಯದ ಚಟದ ಹೊಸ ರೂಪ.

ಕನ್ನಡಕ್ಕೆ ಬಂದಾಗ ಪದಬಂಧದ ಸ್ವಭಾವ ಬದಲಾಯಿತು. ಇಂಗ್ಲಿಷಿನ ಚೌಕದಲ್ಲಿ ಕೂರುವುದು ವರ್ಣಮಾಲೆಯ ಒಂದು ಬಿಡಿ ವರ್ಣ. ನಮ್ಮ ಚೌಕದಲ್ಲಿ ಕೂರುವುದು ಕಾಗುಣಿತ, ಒತ್ತುಗಳ ಸಮೇತ ಒಂದು ಪೂರ್ಣ ಅಕ್ಷರ. 'ಸ್ತ್ರೀ' ಎಂಬಲ್ಲಿ ಮೂರು ವ್ಯಂಜನ, ಒಂದು ಸ್ವರ ಸೇರಿವೆ. ಆದರೂ ಅದಕ್ಕೆ ಒಂದೇ ಮನೆ. ಅ.ನಾ. ಪ್ರಹ್ಲಾದರಾವ್ ಅವರು ರಚಿಸಿದ ಸಾವಿರಾರು ಪದಬಂಧಗಳನ್ನು ಬಿಡಿಸುತ್ತ ಬಂದ ಕನ್ನಡಿಗರಿಗೆ ಹೀಗೆ ಅಕ್ಷರ ಎಣಿಸುವ ಅಭ್ಯಾಸ ಆಗಲೇ ಆಗಿದೆ. ಅಕ್ಷರ ಎಣಿಸಬಲ್ಲವರಿಗೆ ಮಾತ್ರೆ ಎಣಿಸುವುದು ಇನ್ನೊಂದೇ ಹೆಜ್ಜೆ.

ಹೊಸದಲ್ಲ, ಹಳೆಯದೇ

ಯಾರೋ ಕೊಟ್ಟ ಪದಗಳನ್ನಿಟ್ಟು ಪದ್ಯ ಕಟ್ಟುವುದು ನಮಗೆ ಹೊಸ ವಿದ್ಯೆಯಲ್ಲ. ಅವಧಾನ ಕಲೆಯಲ್ಲಿ 'ದತ್ತಪದಿ' ಎಂಬ ಅಂಗವೇ ಇದೆ. ಪೃಚ್ಛಕರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಡುತ್ತಾರೆ. ವಸ್ತುವನ್ನೂ ಛಂದಸ್ಸನ್ನೂ ಹೇಳುತ್ತಾರೆ. ಅವಧಾನಿಗಳು ಸಾಲಿಗೊಂದರಂತೆ ಆ ಪದಗಳನ್ನು ಪದ್ಯದಲ್ಲಿ ಸೇರಿಸಬೇಕು. ಅದೂ ಲೇಖನಿ-ಕಾಗದವಿಲ್ಲದೆ, ನಡುನಡುವೆ ಬೇರೆ ಪೃಚ್ಛಕರಿಗೆ ಉತ್ತರ ಕೊಡುತ್ತ! ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳನ್ನು ಕೇಳಿದವರಿಗೆ ಇದರ ರುಚಿ ಗೊತ್ತು. ನಮಗೆ ಅಷ್ಟು ಕಷ್ಟ ಬೇಡ. ನಮ್ಮ ಪೃಚ್ಛಕ ದಿನಪತ್ರಿಕೆ, ಸಮಯ ಸಂಜೆಯವರೆಗೆ.

ಅಳತೆಗೆ ಚುಟುಕ ಸಾಕು. ಅಂಕೋಲೆಯ ದಿನಕರ ದೇಸಾಯಿಯವರು (1909–1982) ನಾಲ್ಕೇ ಸಾಲಿನ ಚೌಪದಿಯಲ್ಲಿ ನಗುವನ್ನೂ ಚಾಟಿಯೇಟನ್ನೂ ಒಟ್ಟಿಗೆ ಇಡಬಹುದೆಂದು ತೋರಿಸಿಕೊಟ್ಟಿದ್ದಾರೆ.

ಕಟ್ಟುವ ಬಗೆ

ಒಂದು ದಿನದ ಉತ್ತರಗಳು ಹೀಗಿವೆ ಎಂದುಕೊಳ್ಳಿ: ಕಣಜ, ಇಲಿ, ಸಾಲ, ಹಬ್ಬ, ನಗಾರಿ.

ಮೊದಲು, ತಾವಾಗಿಯೇ ಹತ್ತಿರ ಬರುವ ಜೋಡಿಗಳನ್ನು ಹುಡುಕಿ. ಕಣಜವಿದ್ದಲ್ಲಿ ಇಲಿ, ಹಬ್ಬ ಬಂದಲ್ಲಿ ಸಾಲ. ಎರಡು ಸಾಲಿಗೆ ಸಾಮಗ್ರಿ ಸಿಕ್ಕಿತು. ಉಳಿದದ್ದು ನಗಾರಿ. ಗುಂಪಿಗೆ ಸೇರದೆ ಹೊರಗೆ ನಿಂತ ಇಂಥ ಪದವನ್ನು ಬಿಟ್ಟುಬಿಡಬೇಡಿ. ಸಾಲಿನ ಕೊನೆಯಲ್ಲಿ, ಪ್ರಾಸದ ಜಾಗದಲ್ಲಿ ಕೂರಿಸಿ. ಆಗ ಉಳಿದ ಪದಗಳು ಅದರ ಕಡೆಗೆ ತಿರುಗಲೇಬೇಕಾಗುತ್ತದೆ.

ಎರಡನೆಯದು ಮಾತ್ರೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಪದಬಂಧದಲ್ಲಿ 'ಕಣಜ'ಕ್ಕೂ 'ನಗಾರಿ'ಗೂ ಮೂರು ಮೂರೇ ಚೌಕ. ಪದ್ಯದಲ್ಲಿ 'ಕಣಜ' ಮೂರು ಮಾತ್ರೆ, 'ನಗಾರಿ' ನಾಲ್ಕು. 'ಹಬ್ಬ' ಎರಡೇ ಚೌಕದ್ದಾದರೂ ಮೂರು ಮಾತ್ರೆ ತೂಗುತ್ತದೆ. ಈಗ ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ ಎಂಬ ಅಳತೆ ಇಟ್ಟುಕೊಂಡರೆ:

ಕಣಜ ಬರಿದಾಗಿರಲು ಇಲಿಗೆ ಉಪವಾಸ,
ಹಬ್ಬ ಬಂದರೆ ನನಗೆ ಸಾಲ ಸಹವಾಸ;
ಹೊಟ್ಟೆಯೊಳಗಿಬ್ಬರಿಗು ಒಂದೇ ನಗಾರಿ,
ಇಲಿಗೆ ಬಿಲವಿದೆ, ಧಣಿಯೆ, ನನಗಾವ ದಾರಿ?

ಗಟ್ಟಿಯಾಗಿ ಓದಿ, ಬೆರಳಿನಲ್ಲಿ ಎಣಿಸಿ. ಪ್ರತಿ ಸಾಲಿಗೂ ಹದಿನೆಂಟು ಮಾತ್ರೆ. ಮೂರನೆಯ ಸಾಲನ್ನು ಗಮನಿಸಿ. ಹಸಿದ ಹೊಟ್ಟೆಯ ಸದ್ದನ್ನು ನಗಾರಿಗೆ ಹೋಲಿಸಬೇಕೆಂದು ಖಾಲಿ ಹಾಳೆಯ ಮುಂದೆ ಕುಳಿತವರಿಗೆ ಹೊಳೆಯುವುದು ಕಷ್ಟ. ಪದ ಮೊದಲೇ ಕೈಯಲ್ಲಿತ್ತು. ಅದಕ್ಕೊಂದು ಜಾಗ ಹುಡುಕುವಾಗ ಹೋಲಿಕೆ ತಾನಾಗಿ ಸಿಕ್ಕಿತು. ಸಾಲ ಕೊಟ್ಟ ಧಣಿ ಒಳಗೆ ಬಂದದ್ದೂ ನಗಾರಿಗೆ 'ದಾರಿ' ಎಂಬ ಪ್ರಾಸ ಒದಗಿದ ಮೇಲೆಯೇ. ಏನು ಬರೆಯಲಿ ಎಂಬ ಚಿಂತೆಯನ್ನು ಪದಬಂಧ ತಾನೇ ವಹಿಸಿಕೊಳ್ಳುತ್ತದೆ. ಹೇಗೆ ಹೊಂದಿಸಲಿ ಎಂಬುದಷ್ಟೇ ನಿಮ್ಮ ಪಾಲಿನದು. ಕಟ್ಟುಪಾಡು ಇಲ್ಲಿ ಅಡ್ಡಿಯಾಗುವುದಿಲ್ಲ, ಊರುಗೋಲಾಗುತ್ತದೆ.

ಇನ್ನೂ ಸ್ವಲ್ಪ ಪಳಗಿದ ಮೇಲೆ ಶ್ಲೇಷೆಗೂ ಕೈ ಹಾಕಬಹುದು. 'ಸಾಲ' ಎಂಬ ಪದವನ್ನು 'ಸಾಲದು' ಎಂಬುದರೊಳಗೆ ಅಡಗಿಸಿಟ್ಟರೆ, ಎಷ್ಟು ಸಾಲ ತಂದರೂ ಸಾಲದೆನ್ನುವ ಮನೆಯೊಂದರ ಚಿತ್ರ ಸಿದ್ಧ.

ಪದಕ್ಕೆ ಮರುಜೀವ

ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಕೇಳಿದರೆ ಅರ್ಥವಾಗುವ ಪದಗಳು ಬೇರೆ, ಬಾಯಿಗೆ ತಾನಾಗಿ ಬರುವ ಪದಗಳು ಬೇರೆ. ಮೊದಲನೆಯ ಗುಂಪು ಯಾವಾಗಲೂ ದೊಡ್ಡದು. ಕಣಜ, ನಗಾರಿ, ಒನಕೆ, ಬೀಸುಕಲ್ಲು – ಇವು ಪೇಟೆಯ ಅನೇಕ ಮನೆಗಳಲ್ಲಿ ಮೊದಲನೆಯ ಗುಂಪಿನಲ್ಲಷ್ಟೇ ಉಳಿದಿವೆ. ವಸ್ತು ಮನೆಯಿಂದ ಹೋದ ಮೇಲೆ ಪದವೂ ನಾಲಿಗೆಯಿಂದ ಇಳಿದುಹೋಗುತ್ತದೆ. ಪದಬಂಧ ಅದನ್ನು ಒಂದು ದಿನದ ಮಟ್ಟಿಗೆ ನೆನಪಿಸುತ್ತದೆ, ನಿಜ. ಆದರೆ ಚೌಕದಲ್ಲಿ ಕೂತ ಪದ ಒಂಟಿ. ಅದಕ್ಕೆ ಕ್ರಿಯೆಯಿಲ್ಲ, ನೆರೆಹೊರೆಯಿಲ್ಲ. ಪದ್ಯದಲ್ಲಿ ಬಂದಾಗ ಅದಕ್ಕೆ ವಿಭಕ್ತಿ ಸೇರುತ್ತದೆ, ಜೊತೆಗಾರರು ಸೇರುತ್ತಾರೆ, ನಗು ಸೇರುತ್ತದೆ. ಕಣಜವೆಂದರೇನೆಂದು ಕೇಳುವ ಮಗುವಿಗೆ ನಿಘಂಟಿನ ಅರ್ಥ ಹೇಳಿದರೆ ಸಂಜೆಯ ಹೊತ್ತಿಗೆ ಮರೆತೀತು. ಬರಿದಾದ ಕಣಜದ ಮುಂದೆ ಕುಳಿತ ಇಲಿಯನ್ನು ಮರೆಯುವುದು ಕಷ್ಟ.

ಇದನ್ನು ಒಬ್ಬರೇ ಆಡಬೇಕೆಂದಿಲ್ಲ. ಅಜ್ಜಿ ಪದ ಬಿಡಿಸಲಿ, ಮೊಮ್ಮಗಳು ಪ್ರಾಸ ಹುಡುಕಲಿ, ಉಳಿದವರು ಮಾತ್ರೆ ತಪ್ಪಿದಲ್ಲಿ ತಡೆಯಲಿ. ಬರೆದದ್ದರ ಕೆಳಗೆ ಆ ದಿನದ ತಾರೀಖು ಹಾಕಿ ಒಂದು ನೋಟುಪುಸ್ತಕದಲ್ಲಿ ಇಟ್ಟುಕೊಳ್ಳಿ. ವರ್ಷ ತುಂಬಿದಾಗ ಅದು ನಿಮ್ಮ ಮನೆಯದೇ ಒಂದು ಪದಕೋಶವಾಗಿರುತ್ತದೆ.

ಪತ್ರಿಕೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಇಗೋ ಐದು ಪದಗಳು: ಒನಕೆ, ಗುಮಾಸ್ತ, ಅಂಬಲಿ, ಒಗಟು, ಮಿಂಚುಹುಳು. ಇವುಗಳಲ್ಲಿ ಗುಂಪಿಗೆ ಸೇರದ ಪದ ಯಾವುದೆಂದು ಮೊದಲು ಗುರುತಿಸಿ.