ಕಾಡುಬೆಂಕಿ ಬಡಿಯಲು ಹೋಗುವವರಿಗೆ



ಶಿವರಾತ್ರಿಗೆ ಚಳಿ ಹೋಗುತ್ತೆ, ಹುಲ್ಲು ಒಣಗುತ್ತೆ, ಕಾಡಿಗೆ ಬೆಂಕಿ ಬೀಳುತ್ತೆ. ಸಿಂಗಸಂದ್ರದ ಸುತ್ತ ಈಗ ಹೊಲಕ್ಕಿಂತ ಕಟ್ಟಡಗಳೇ ಹೆಚ್ಚು. ಆದರೂ ಆಚೆ ಬನ್ನೇರುಘಟ್ಟದ ಕಾಡಂಚಿನಲ್ಲಿ ನಮ್ಮ ನೆಂಟರಿಷ್ಟರು ಇದ್ದಾರಲ್ಲ, ಅವರ ಮನೆಗಳಲ್ಲೂ ಈ ಮಾತು ಓದಿ ಹೇಳಿ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಮೇಲಿಂದ ನೀರು ಸುರಿದವು. ಕೆಳಗೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದವರು ನಮ್ಮ ನಿಮ್ಮಂಥವರೇ. ಅದೇ ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿಗೆ ಸಿಕ್ಕಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟಿದ್ದರು.

ಉರಿ ಕಂಡರೆ ಎಲ್ಲರೂ ಹೆದರುತ್ತೇವೆ. ಹೊಗೆಗೆ ಹೆದರುವವರು ಕಡಿಮೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿರುತ್ತದೆ; ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿ ಇದ್ದಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲೇ ಇಲ್ಲ ಅಂತ ಕೇಳಿದ್ದೀರಲ್ಲ, ಅದು ಇದರದೇ ಕೆಲಸ. ರಕ್ತ ಪ್ರಾಣವಾಯುವನ್ನು ಹೊತ್ತು ಮೈಗೆಲ್ಲ ಹಂಚಬೇಕು. ಈ ಅನಿಲವೋ ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತಕ್ಕೆ ಅಂಟುತ್ತದೆ. ಬಸ್ಸಿನಲ್ಲಿ ಸೀಟು ಹಿಡಿದವನು ಏಳದೇ ಇದ್ದ ಹಾಗೆ!

ಮೂಗಿಗೆ ಒದ್ದೆ ಟವಲು ಕಟ್ಟಿದರೆ ಬೂದಿ ಒಂದಿಷ್ಟು ತಡೆಯುತ್ತದೆ, ಸರಿ. ಅನಿಲ ತಡೆಯುವುದಿಲ್ಲ. ಧೂಳಿನ ಮುಖಗವಸಿಗೂ ಅದು ನಿಲ್ಲುವುದಿಲ್ಲ. ‘ಟವಲು ಕಟ್ಟಿದೀನಿ, ಏನಾಗಲ್ಲ’ ಅನ್ನೋ ಧೈರ್ಯವೇ ಮೋಸ.

ದೊಡ್ಡ ಉರಿ ಅಡಗಿ, ಮೋಟು, ದಿಮ್ಮಿಗಳು ಒಳಗೊಳಗೇ ಹೊಗೆಯಾಡುತ್ತವೆ ನೋಡಿ, ಸುಟ್ಟ ಸೌದೆಯ ಲೆಕ್ಕಕ್ಕೆ ಈ ಅನಿಲ ಹೆಚ್ಚು ಹುಟ್ಟುವುದು ಆಗ. ಗಾಳಿ ನಿಂತ ರಾತ್ರಿಯಲ್ಲಿ ಹೊಗೆ ಹಳ್ಳದಲ್ಲಿ ತುಂಬಿ ನಿಲ್ಲುತ್ತದೆ. ಬೆಂಕಿ ಆರಿತು ಅಂತ ಜನ ಬುತ್ತಿ ಬಿಚ್ಚಿ ಕೂರುವುದೂ ಅದೇ ಹೊತ್ತಿಗೆ, ಅಲ್ಲೇ! ಬೇಡಿ, ಹೊಗೆ ಬಿಟ್ಟು ದೂರ, ಗಾಳಿಯಾಡುವ ಕಡೆ ಹೋಗಿ ಕೂರಿ.

ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ‘ಬಿಸಿಲು ಹತ್ತಿದೆ’ ಅನ್ನಬೇಡಿ. ಕೊಂಬೆ ಬಿಸಾಡಿ ಹೊರಗೆ ಬನ್ನಿ. ಬುದ್ಧಿ ಮಂಕಾದವನಿಗೆ ತಾನು ಮಂಕಾದದ್ದೇ ತಿಳಿಯುವುದಿಲ್ಲ; ಆದ್ದರಿಂದ ಇಬ್ಬಿಬ್ಬರು ಜೊತೆಗಿರಿ, ಒಬ್ಬರ ಮಾತು ತೊದಲಿದರೆ ಇನ್ನೊಬ್ಬರು ಎಳೆದು ತನ್ನಿ. ಎಚ್ಚರ ತಪ್ಪಿದರೆ ತಡ ಮಾಡದೆ 108ಕ್ಕೆ ಫೋನು ಮಾಡಿ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರೆ ರಕ್ತದಲ್ಲಿನ ಈ ಅನಿಲ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಬರೀ ಒಳ್ಳೆ ಗಾಳಿಯಲ್ಲಿ ಅಷ್ಟಕ್ಕೆ ನಾಲ್ಕೈದು ಗಂಟೆ ಬೇಕು. ಹತ್ತು ನಿಮಿಷ ಕೂತು, ಒಂದು ಬೀಡಿ ಸೇದಿ, ಮತ್ತೆ ಒಳಗೆ ನುಗ್ಗುವ ಲೆಕ್ಕ ಸರಿಹೋಗುವುದಿಲ್ಲ. ಬೀಡಿಯ ಹೊಗೆಯಲ್ಲೂ ಇದೇ ಅನಿಲವಿದೆ ಕಣ್ರಪ್ಪ. ಬಸುರಿ ಹೆಂಗಸರಂತೂ ಆ ಕಡೆ ಹೋಗಲೇಬಾರದು. ಹೊಟ್ಟೆಯಲ್ಲಿರುವ ಕೂಸಿಗೂ ಇದು ತಾಗುತ್ತದೆ.