ನಾವೀಗ ಯಾವ ಪುಟದಲ್ಲಿದ್ದೇವೆ?

ಅಪರಿಚಿತ ನಗರದ ನಕ್ಷೆಯನ್ನು ಬಿಡಿಸಿದಾತನು ಮೊದಲು ತಾನು ನಿಂತಿರುವ ಬೀದಿ ಯಾವುದೆಂದು ಅರಸುತ್ತಾನೆ. ಅದು ತಿಳಿಯದಿದ್ದರೆ ನಕ್ಷೆ ಎಷ್ಟು ನಿಖರವಾಗಿದ್ದರೇನು? ಜಾಲತಾಣದ ಓದುಗನ ಪಾಡೂ ಇದೇ. ತಾಣದ ಮೇಲ್ಭಾಗದಲ್ಲಿ 'ಮುಖಪುಟ', 'ಸಸ್ಯ', 'ಜಲ', 'ಗ್ರಹ' ಎಂದು ಸಾಲಾಗಿರುವ ಹೆಸರುಗಳ ಪಟ್ಟಿಗೆ ಮೆನು ಎನ್ನುವುದು ರೂಢಿ. ಹುಡುಕುಯಂತ್ರದ ಮೂಲಕ ಬರುವವನು ಮುಖಪುಟವೆಂಬ ತಲೆಬಾಗಿಲನ್ನು ಕಾಣದೆಯೇ ನೇರವಾಗಿ ನಡುಮನೆಗೆ ಬಂದಿಳಿಯುತ್ತಾನೆ. ಮೆನುವಿನಲ್ಲಿ ಒಂದು ಹೆಸರು ಮಾತ್ರ ಎದ್ದು ತೋರುತ್ತಿದ್ದರೆ ತಾನಿರುವ ಎಡೆ ಅವನಿಗೆ ಒಡನೆಯೇ ಮನದಟ್ಟಾಗುವುದು.

ಇದನ್ನು ಸಾಧಿಸುವ ಬಗೆ ಮೇಲ್ನೋಟಕ್ಕೆ ಬಹಳ ಸುಲಭ. ಮೆನುವಿನ ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ವಿಳಾಸವುಂಟು. ತೆರೆದಿರುವ ಪುಟದ ವಿಳಾಸವನ್ನು ಬ್ರೌಸರು ಬಲ್ಲದು. ಇವೆರಡನ್ನೂ ಹೋಲಿಸಿ, ಸರಿಹೊಂದಿದ ಹೆಸರಿಗೆ ಬೇರೆ ರೂಪವನ್ನು ಕೊಟ್ಟರಾಯಿತು. ಆದರೆ 'ಜಲ' ವಿಭಾಗದೊಳಗಣ 'ಮಳೆ' ಎಂಬ ಪುಟವನ್ನು ಓದುವಾಗಲೂ 'ಜಲ'ವೇ ಬೆಳಗಬೇಕೆಂದು ವಿಳಾಸದ ಮೊದಲ ಭಾಗವನ್ನಷ್ಟೇ ಹೋಲಿಸಿದೆವೆನ್ನಿ. ಮುಖಪುಟದ ವಿಳಾಸವು ಬರಿಯ ಒಂದು ಓರೆಗೆರೆ. ಎಲ್ಲ ವಿಳಾಸಗಳೂ ಅದರಿಂದಲೇ ಆರಂಭವಾಗುವುವಾದ್ದರಿಂದ ಯಾವ ಪುಟಕ್ಕೆ ಹೋದರೂ 'ಮುಖಪುಟ'ವು ಬೆಳಗುತ್ತಲೇ ಇರುವುದು! ಅದೊಂದಕ್ಕೆ ಪೂರ್ಣ ಹೋಲಿಕೆಯನ್ನೇ ವಿಧಿಸಬೇಕು.

ಕನ್ನಡದಲ್ಲಿ ವಿಳಾಸಗಳನ್ನಿಡುವವರಿಗೆ ಇನ್ನೊಂದು ತೊಡಕು ಕಾದಿದೆ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು ಬೇಕು. ವಿಳಾಸದಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಗಳಿಂದ ಬರೆಯುತ್ತಾರೆ. ಹೀಗೆ 'ಜಲ' ಎಂಬ ಎರಡಕ್ಷರವು 18 ಚಿಹ್ನೆಗಳಾಗಿ ಬೆಳೆಯುವುದು. ಬ್ರೌಸರು ಪುಟದ ವಿಳಾಸವನ್ನು ಈ ದೀರ್ಘರೂಪದಲ್ಲಿ ಒಪ್ಪಿಸುತ್ತದೆ. ಮೆನುವಿನಲ್ಲಿ ನಾವು ಬರೆದದ್ದಾದರೋ ಅಚ್ಚಗನ್ನಡ. ಎರಡೂ ಒಂದೇ ಆಗಿದ್ದರೂ ಯಂತ್ರಕ್ಕೆ ಬೇರೆಬೇರೆ! ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವುದೇ ಇದಕ್ಕೆ ಪರಿಹಾರ.

ಇನ್ನು ಎದ್ದು ತೋರಿಸುವ ಮಾತು. ಬಣ್ಣವೊಂದನ್ನೇ ನಚ್ಚಿಕೊಳ್ಳುವವರು ಹಲವರು. ಉತ್ತರ ಯೂರೋಪ್ ಮೂಲದ ಪುರುಷರಲ್ಲಿ ಸುಮಾರು 100ಕ್ಕೆ 8 ಮಂದಿಗೆ ಕೆಂಪು-ಹಸಿರುಗಳ ಭೇದ ಸರಿಯಾಗಿ ತೋರದು. ಮಾಹಿತಿಯನ್ನು ಬಣ್ಣದಿಂದ ಮಾತ್ರವೇ ಸೂಚಿಸಲಾಗದೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ಮಿನ 2008ರ ಮಾರ್ಗಸೂಚಿಯು ಹೇಳುವುದು ಇದಕ್ಕಾಗಿಯೇ. ದಪ್ಪಕ್ಷರವನ್ನೋ ಅಡಿಗೆರೆಯನ್ನೋ ಜೊತೆಗೂಡಿಸುವುದು ಲೇಸು. ಆದರೆ ಪರದೆಯನ್ನೇ ಕಾಣದ ಅಂಧ ವಿದ್ಯಾರ್ಥಿಗೆ ದಪ್ಪಕ್ಷರದಿಂದೇನು ಪ್ರಯೋಜನ? ಪರದೆಯ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವು ಅವನಿಗೆ ನಾಲ್ಕು ಹೆಸರುಗಳನ್ನೂ ಒಂದೇ ಸಮನೆ ಓದಿಬಿಡುವುದು. ಈ ಕೊರತೆಯನ್ನು ನೀಗಲೆಂದು 2017ರಲ್ಲಿ ಅದೇ ಸಂಸ್ಥೆಯು 'ಏರಿಯಾ-ಕರೆಂಟ್' ಎಂಬ ಗುರುತನ್ನು ಶಿಫಾರಸು ಮಾಡಿತು. ಸರಿಹೊಂದಿದ ಹೆಸರಿಗೆ ಅದನ್ನು ಅಂಟಿಸಿದರೆ, ಓದುವ ತಂತ್ರಾಂಶವು ಆ ಹೆಸರಿನೊಡನೆ 'ಇದು ಪ್ರಸ್ತುತ ಪುಟ' ಎಂಬರ್ಥದ ನುಡಿಯನ್ನೂ ಸೇರಿಸಿ ಹೇಳುವುದು. ಒಂದೇ ಸಾಲಿನ ಈ ಕೆಲಸವನ್ನು ಎಷ್ಟೋ ತಾಣಗಳು ಮಾಡದಿರುವುದು ಬೇಸರದ ಸಂಗತಿ.

ಕನ್ನಡ ವಿಕಿಪೀಡಿಯದ ಲೇಖನಗಳ ಅಡಿಯಲ್ಲಿ ಸಂಬಂಧಿತ ಲೇಖನಗಳ ಪಟ್ಟಿ ಇದ್ದರೆ ಅದನ್ನೊಮ್ಮೆ ನೋಡಿ. ನಾವು ಓದುತ್ತಿರುವ ಲೇಖನದ ಹೆಸರು ಅಲ್ಲಿ ದಪ್ಪಕ್ಷರದಲ್ಲಿರುತ್ತದೆ. ಒತ್ತಿದರೆ ಎಲ್ಲಿಗೂ ಒಯ್ಯುವುದಿಲ್ಲ.